ಪರಿಷೆ ಮುಗಿದ ಮೇಲೆ, ಎಳ್ಳು-ಬೆಲ್ಲಕ್ಕೆ ಮುಂಚೆ: ಮಲ್ಲಿಗೆ ಬಳ್ಳಿಗೆ ಕತ್ತರಿ ಹಾಕೋದು ಯಾವಾಗ, ಹೇಗೆ?

ಮ್ಯಾಗಜೀನ್‌ಗೆ ಏನಾದ್ರೂ ಟೆಕ್ನಿಕಲ್ ಆಗಿರೋದು ಬರೆದುಕೊಡಿ ಅಂತ ಸೀನಿಯರ್ಸ್ ಕೇಳಿದಾಗ ನಮಗೆ ಮೊದಲು ಹೊಳೆದದ್ದು ಎಐ, ಡ್ರೋನ್, ಎಲೆಕ್ಟ್ರಿಕ್ ಸ್ಕೂಟರ್. ಅದನ್ನೆಲ್ಲ ಬರೆಯೋಕೆ ಬೇರೆಯವರು ಇದ್ದಾರೆ. ನಾವು ಬರೀತಿರೋದು ಒಂದು ಮಲ್ಲಿಗೆ ಬಳ್ಳಿಯ ಬಗ್ಗೆ. ನಾವೇ ಕೆಡಿಸಿ, ಒಂದು ವರ್ಷ ಕಾದು, ನಾವೇ ಸರಿ ಮಾಡಿದ ಬಳ್ಳಿ ಅದು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು ನಾವು, ಭಾಷೆಯಲ್ಲಿ ತಪ್ಪಿದ್ರೆ ತಿದ್ದಿಕೊಳ್ಳಿ. ಆದರೆ ಕತ್ತರಿ ವಿಷಯದಲ್ಲಿ ನಾವು ಹೇಳೋದನ್ನ ಸ್ವಲ್ಪ ನಂಬಬಹುದು.

ನಾವು ಮಾಡಿದ ಎಡವಟ್ಟು

ನಾವು ನಾಲ್ಕು ಜನ ಬನಶಂಕರಿ ಎರಡನೇ ಹಂತದ ಒಂದು ಹಳೇ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದೀವಿ. ಕೆಳಗೆ ಓನರ್ ಅಜ್ಜಿ ಒಬ್ಬರೇ ಇರ್ತಾರೆ. ಕಾಂಪೌಂಡಿಗೂ ಮೆಟ್ಟಿಲಿಗೂ ನಡುವೆ ಎರಡಡಿ ಮಣ್ಣು ಬಿಟ್ಟಿದ್ದಾರೆ, ಅದರಲ್ಲಿ ಒಂದು ದುಂಡುಮಲ್ಲಿಗೆ. ನಿಜವಾಗಿ ದುಂಡುಮಲ್ಲಿಗೆ ಅರ್ಧ ಪೊದೆ, ಅರ್ಧ ಬಳ್ಳಿ. ಜಾಗ ಇದ್ದರೆ ಪೊದೆಯಾಗಿ ಹರಡುತ್ತೆ, ಆಸರೆ ಸಿಕ್ಕರೆ ಹತ್ತುತ್ತೆ. ಇದಕ್ಕೆ ಗ್ರಿಲ್ ಸಿಕ್ಕಿತ್ತು. ನಮ್ಮ ಮಹಡಿಯ ಕಟಕಟೆವರೆಗೂ ಬಂದು, ಅಲ್ಲಿಂದ ಇಂಟರ್‌ನೆಟ್ ಕೇಬಲ್ ಮೇಲೆ ನಡೆಯೋಕೆ ಶುರು ಮಾಡಿತ್ತು.

ಬೇಸಿಗೆ ಬಂದ್ರೆ ಅಜ್ಜಿ ದಿನಾ ಸಂಜೆ ಮೊಗ್ಗು ಬಿಡಿಸಿ, ಬಾಳೆನಾರಿನಲ್ಲಿ ಕಟ್ಟಿ, ದೇವರಿಗೆ ಇಟ್ಟು, ಎದುರು ಮನೆಗೆ ಒಂದು ಮೊಳ, ಪಕ್ಕದ ಮನೆಗೆ ಒಂದು ಮೊಳ ಕೊಡ್ತಾರೆ ಅಂತ ಬೀದಿಯವರು ಹೇಳ್ತಿದ್ರು. ನಾವು ಮನೆ ಸೇರಿದ್ದು ಸೆಪ್ಟೆಂಬರ್‌ನಲ್ಲಿ, ಹಾಗಾಗಿ ಅದನ್ನ ನೋಡಿರಲಿಲ್ಲ. ನೋಡಿದ್ದಿದ್ರೆ ಬಹುಶಃ ಈ ಲೇಖನ ಬರೆಯೋ ಪ್ರಸಂಗ ಬರ್ತಿರಲಿಲ್ಲ.

ಫಸ್ಟ್ ಇಯರ್, ಫೆಬ್ರವರಿ ಕೊನೇ ವಾರ. ಅಜ್ಜಿ ಮೈಸೂರಿಗೆ ತಂಗಿ ಮನೆಗೆ ಹೊರಟಿದ್ರು. ಹೋಗುವಾಗ "ಮೆಟ್ಟಿಲ ಮೇಲೆ ಬೀಳ್ತಿರೋ ಕೊಂಬೆನ ಸ್ವಲ್ಪ ಎತ್ತಿ ಕಟ್ಟಿಬಿಡ್ರಪ್ಪಾ" ಅಂದ್ರು. ಕಟ್ಟೋದು ಅಂದ್ರೆ ಕಟ್ಟೋದು. ಆದರೆ ನಮಗೆ ಅಜ್ಜಿಗೆ ಸರ್‌ಪ್ರೈಸ್ ಕೊಡಬೇಕಿತ್ತು. ಫೋನಿನಲ್ಲಿ ಒಂದು ವಿಡಿಯೋ ನೋಡಿದ್ವಿ. ಯಾವುದೋ ಚಳಿದೇಶದ ತೋಟ, ದಪ್ಪ ಕೋಟು ಹಾಕಿಕೊಂಡಿದ್ದ ವ್ಯಕ್ತಿ "ಫೆಬ್ರವರಿಯೇ ಸರಿಯಾದ ಸಮಯ, ಹೆದರದೆ ಕತ್ತರಿಸಿ" ಅಂತ ಹೇಳ್ತಿದ್ದ. ನಮಗೂ ಫೆಬ್ರವರಿಯೇ. ಅಡುಗೆ ಮನೆಯ ಕತ್ತರಿ, ಒಂದು ತುಕ್ಕು ಹಿಡಿದ ಹ್ಯಾಕ್‌ಸಾ ಹಿಡಿದು ಒಂದು ಭಾನುವಾರ ಬೆಳಿಗ್ಗೆ ಬಳ್ಳಿನ ಮೊಣಕಾಲು ಎತ್ತರಕ್ಕೆ ಇಳಿಸಿಬಿಟ್ವಿ.

ಅಜ್ಜಿ ವಾಪಸ್ ಬಂದು, ಬ್ಯಾಗ್ ಕೆಳಗಿಟ್ಟು, ಮೋಟು ನೋಡಿದ್ರು. "ಮೊಗ್ಗು ಕೂತಿತ್ತಲ್ರೋ" ಅಂದ್ರು, ಅಷ್ಟೇ. ಯುಗಾದಿಗೆ ಗಾಂಧಿ ಬಜಾರ್‌ಗೆ ಹೋಗಿ ಹೂವು ಕೊಂಡು ತಂದ್ರು. ಎದುರು ಮನೆಗೆ ಆ ವರ್ಷ ಮೊಳ ಹೋಗಲಿಲ್ಲ. ಎದುರು ಮನೆಯವರೂ ಏನೂ ಕೇಳಲಿಲ್ಲ, ನಮ್ಮನ್ನ ನೋಡಿ ನಕ್ಕು ಸುಮ್ಮನಾಗ್ತಿದ್ರು. ಅದು ಬೈಯೋದಕ್ಕಿಂತ ಜಾಸ್ತಿ ಚುಚ್ಚಿತು.

ಬಳ್ಳಿ ಸಾಯಲಿಲ್ಲ. ಮೂರು ವಾರದಲ್ಲಿ ಚಿಗುರಿತು. ಆದರೆ ಮೊದಲ ಹೂವು ಬಂದಿದ್ದು ಜೂನ್‌ನಲ್ಲಿ, ಮಳೆ ಜೊತೆಗೆ. ಅರ್ಧ ಮೊಗ್ಗು ನೀರು ಕುಡಿದು ಕಂದು ಬಣ್ಣಕ್ಕೆ ತಿರುಗಿ ಉದುರಿದ್ವು. ಆಗ ಅಜ್ಜಿ ಹೇಳಿದ ಮಾತು ಈ ಲೇಖನದ ಸಾರಾಂಶ: "ಕತ್ತರಿಸಿದ್ದು ತಪ್ಪಲ್ಲ. ಕತ್ತರಿಸಿದ ತಿಂಗಳು ತಪ್ಪು."

ಹೂವು ಎಲ್ಲಿ ಬರುತ್ತೆ ಅಂತ ಮೊದಲು ನೋಡಿ

ಯಾವುದೇ ಹೂಬಳ್ಳಿಗೆ ಕತ್ತರಿ ಹಾಕೋ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ. ಹೂವು ಬರೋದು ಹೊಸ ಚಿಗುರಿನಲ್ಲಾ, ಹಳೇ ಕೊಂಬೆಯಲ್ಲಾ?

ದುಂಡುಮಲ್ಲಿಗೆಯಲ್ಲಿ ಉತ್ತರ ಸ್ಪಷ್ಟ. ಮೊಗ್ಗು ಕೂರೋದು ಈ ಸೀಸನ್‌ನಲ್ಲಿ ಬಂದ ಎಳೇ ಚಿಗುರಿನ ತುದಿಯಲ್ಲಿ, ಸಾಮಾನ್ಯವಾಗಿ ಮೂರು ಮೊಗ್ಗಿನ ಗೊಂಚಲಾಗಿ. ಕೆಳಗಿನ ಕಂದು ಬಣ್ಣದ ಗಟ್ಟಿ ಕಾಂಡ ಹೂವು ಕೊಡಲ್ಲ. ಅದು ಪೈಪ್‌ಲೈನ್ ಇದ್ದ ಹಾಗೆ, ಬೇರಿನಿಂದ ತುದಿಗೆ ನೀರು, ಎಲೆಯಿಂದ ಬೇರಿಗೆ ಸಕ್ಕರೆ ಸಾಗಿಸುತ್ತೆ. ಬಳ್ಳಿ ಉದ್ದ ಆದಷ್ಟೂ ಪೈಪ್ ಉದ್ದ ಆಗುತ್ತೆ, ತುದಿಗಳು ಮಾತ್ರ ಹೆಚ್ಚಾಗಲ್ಲ. ಜಯನಗರ, ಜೆ.ಪಿ. ನಗರದ ಹಳೇ ಮನೆಗಳಲ್ಲಿ ಎರಡನೇ ಮಹಡಿವರೆಗೂ ಹತ್ತಿ, ಮೇಲ್ಗಡೆ ಮಾತ್ರ ನಾಲ್ಕು ಹೂವು ಬಿಟ್ಟು, ಕೆಳಗಡೆ ಬೋಳಾಗಿ ನಿಂತಿರೋ ಮಲ್ಲಿಗೆ ನೋಡಿರ್ತೀರಿ. ಅದು ವಯಸ್ಸಾಗಿದ್ದಕ್ಕಿಂತ ಹೆಚ್ಚಾಗಿ ಕತ್ತರಿ ಕಾಣದೆ ಹಾಗಾಗಿರೋದು.

ಅಂದ್ರೆ ಲೆಕ್ಕ ಇಷ್ಟೇ. ಹೆಚ್ಚು ಹೊಸ ತುದಿ ಅಂದ್ರೆ ಹೆಚ್ಚು ಹೂವು. ಹೊಸ ತುದಿ ಬರಿಸೋ ಉಪಾಯವೇ ಕತ್ತರಿ.

ಒಂದು ಕತ್ತರಿಸಿದ್ರೆ ಎರಡು ಯಾಕೆ ಬರುತ್ತೆ?

ಇದು ನಮಗೆ ಬಹಳ ಇಷ್ಟ ಆದ ಭಾಗ. ಬಳ್ಳಿಯ ತುದಿ ಒಬ್ಬ ಸ್ಟ್ರಿಕ್ಟ್ ಕ್ಲಾಸ್ ಲೀಡರ್ ಇದ್ದ ಹಾಗೆ. ಅಲ್ಲಿ ಆಕ್ಸಿನ್ ಅನ್ನೋ ಹಾರ್ಮೋನ್ ತಯಾರಾಗಿ ಕಾಂಡದಲ್ಲಿ ಕೆಳಗೆ ಇಳಿಯುತ್ತೆ. ಪ್ರತಿ ಎಲೆಯ ಸಂದಿಯಲ್ಲೂ ಒಂದು ಪುಟ್ಟ ಮೊಳಕೆ ಮಲಗಿರುತ್ತೆ. ಆಕ್ಸಿನ್ ಇಳೀತಾ ಇರೋವರೆಗೂ "ನಾನಿದ್ದೀನಿ, ನೀನು ಸುಮ್ಮನಿರು" ಅನ್ನೋ ಸಿಗ್ನಲ್ ಅದಕ್ಕೆ ಹೋಗ್ತಾ ಇರುತ್ತೆ. ತುದಿ ಕತ್ತರಿಸಿದ್ರೆ ಸಿಗ್ನಲ್ ಕಟ್. ಬೆಳೆಯೋಕೆ ಬೇಕಾದ ಸಕ್ಕರೆಯೂ ಈಗ ತುದಿಗೆ ಹೋಗೋ ಬದಲು ಪಕ್ಕದ ಮೊಳಕೆಗೆ ಸಿಗುತ್ತೆ, ಅದು ಎಚ್ಚರವಾಗುತ್ತೆ.

ಇದು ಸುಮ್ಮನೆ ಕಥೆ ಅಲ್ಲ. 1880ರಲ್ಲಿ ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್, ಹುಲ್ಲಿನ ಸಸಿಯ ತುದಿಯಿಂದ ಏನೋ ಒಂದು ಪ್ರಭಾವ ಕೆಳಗೆ ಹೋಗುತ್ತೆ ಅಂತ ತೋರಿಸಿದ್ರು. 1920ರ ದಶಕದಲ್ಲಿ ನೆದರ್‌ಲೆಂಡ್ಸ್‌ನ ಫ್ರಿಟ್ಸ್ ವೆಂಟ್ ಅದೊಂದು ರಾಸಾಯನಿಕ ಅಂತ ಸಾಬೀತು ಮಾಡಿದ್ರು. 1930ರ ದಶಕದಲ್ಲಿ ಥೀಮನ್ ಮತ್ತು ಸ್ಕೂಗ್ ಅನ್ನೋರು ಗಿಡದ ತುದಿ ಕತ್ತರಿಸಿ, ಆ ಗಾಯಕ್ಕೆ ಆಕ್ಸಿನ್ ಹಚ್ಚಿದ್ರು. ತುದಿ ಇಲ್ಲದಿದ್ರೂ ಪಕ್ಕದ ಮೊಳಕೆಗಳು ಏಳಲೇ ಇಲ್ಲ. ಲೀಡರ್ ಇಲ್ಲ, ಆದರೆ ಅವನ ಧ್ವನಿ ಇದೆ. ಎಷ್ಟು ಚೆಂದದ ಎಕ್ಸ್‌ಪೆರಿಮೆಂಟ್ ಅಲ್ವಾ?

ದುಂಡುಮಲ್ಲಿಗೆಯಲ್ಲಿ ಎಲೆಗಳು ಎದುರುಬದುರು ಜೋಡಿಯಾಗಿ ಬರ್ತವೆ. ಹಾಗಾಗಿ ಒಂದು ಗಿಣ್ಣಿನಲ್ಲಿ ಎರಡು ಮೊಳಕೆ. ಗಿಣ್ಣಿನ ಮೇಲೆ ಒಂದು ಕಟ್ ಕೊಟ್ಟರೆ ಎರಡು ಚಿಗುರು. ಡೇಟಾ ಸ್ಟ್ರಕ್ಚರ್ಸ್ ಓದಿದವರಿಗೆ ಇದು ಬೈನರಿ ಟ್ರೀ ಅಂತ ತಕ್ಷಣ ಗೊತ್ತಾಗುತ್ತೆ. ಹತ್ತು ಕಾಂಡ ಕತ್ತರಿಸಿದ್ರೆ ಇಪ್ಪತ್ತು ತುದಿ, ತುದಿಗೆ ಮೂರು ಮೊಗ್ಗಿನಂತೆ ಅರವತ್ತು ಮೊಗ್ಗು. ಅದು ಮೊದಲ ಸುತ್ತು ಮಾತ್ರ. ಹಾಗಂತ ಕತ್ತರಿಸ್ತಾನೇ ಇದ್ರೆ ಅನಂತ ಹೂವು ಬರಲ್ಲ. ಬೇರು, ಬಿಸಿಲು, ಗೊಬ್ಬರ ಎಷ್ಟಿದೆಯೋ ಅಷ್ಟೇ ಬಜೆಟ್. ತುದಿ ಜಾಸ್ತಿಯಾಗಿ ಚಿಗುರು ಕಡ್ಡಿಯಂತೆ ತೆಳ್ಳಗಾದ್ರೆ ಹೂವಿಲ್ಲದೆ ಬರೀ ಎಲೆ ಬರುತ್ತೆ.

ಯಾವಾಗ?

ಈಗ ತಿಂಗಳ ಪ್ರಶ್ನೆ. ಕತ್ತರಿಸಿದ ದಿನದಿಂದ ಮೊದಲ ಹೂವಿಗೆ ದುಂಡುಮಲ್ಲಿಗೆಗೆ ಸುಮಾರು ಮೂರು ತಿಂಗಳು ಬೇಕು. ಬೆಂಗಳೂರಿನಲ್ಲಿ ಅದಕ್ಕೆ ಇಷ್ಟವಾದ ಕಾಲ ಮಾರ್ಚ್‌ನಿಂದ ಮೇ: ಒಳ್ಳೇ ಬಿಸಿಲು, ಬೆಚ್ಚಗಿನ ರಾತ್ರಿ, ಕಡಿಮೆ ಮಳೆ. ಮಾರ್ಚ್‌ನಿಂದ ಹಿಂದಕ್ಕೆ ಮೂರು ತಿಂಗಳು ಎಣಿಸಿ. ಡಿಸೆಂಬರ್! ಡೆಡ್‌ಲೈನ್‌ನಿಂದ ಹಿಂದಕ್ಕೆ ಪ್ಲಾನ್ ಮಾಡೋದು ನಮಗೆಲ್ಲ ಗೊತ್ತಿರೋ ವಿದ್ಯೆ, ನಾವು ಅದನ್ನ ಬಳ್ಳಿಗೆ ಅಪ್ಲೈ ಮಾಡಿರಲಿಲ್ಲ.

ಡಿಸೆಂಬರ್ ಸರಿ ಅನ್ನೋಕೆ ಇನ್ನೂ ಎರಡು ಕಾರಣ ಇವೆ. ಒಂದು, ನವೆಂಬರ್‌ವರೆಗೂ ನಮ್ಮಲ್ಲಿ ಹಿಂಗಾರು ಮಳೆ ಬೀಳ್ತಾ ಇರುತ್ತೆ. ಒದ್ದೆ ಹವಾದಲ್ಲಿ ಕತ್ತರಿಸಿದ ಗಾಯಕ್ಕೆ ಶಿಲೀಂಧ್ರ ಬೇಗ ಹತ್ತುತ್ತೆ. ಎರಡು, ಡಿಸೆಂಬರ್-ಜನವರಿಯಲ್ಲಿ ರಾತ್ರಿ ತಾಪಮಾನ 15-16 ಡಿಗ್ರಿಗೆ ಇಳಿಯುತ್ತೆ, ಹಗಲು ಹನ್ನೊಂದೂವರೆ ಗಂಟೆಗಿಂತ ಕಡಿಮೆ. ಬಳ್ಳಿ ಹೇಗೂ ಅರೆನಿದ್ದೆಯಲ್ಲಿರುತ್ತೆ, ಹೂವೂ ಇರಲ್ಲ. ಆಗ ಕತ್ತರಿಸಿದ್ರೆ ಕಳೆದುಕೊಳ್ಳೋದು ಏನೂ ಇಲ್ಲ. ಫೆಬ್ರವರಿಯಲ್ಲಿ ಬಿಸಿಲು ಏರುವ ಹೊತ್ತಿಗೆ ಚಿಗುರು ರೆಡಿ.

ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ದುಂಡುಮಲ್ಲಿಗೆ ಬೆಳೆಗಾರರಿಗೆ ನವೆಂಬರ್ ಕೊನೇ ವಾರದಲ್ಲಿ, ನೆಲದಿಂದ ಸುಮಾರು 50 ಸೆಂ.ಮೀ. ಎತ್ತರಕ್ಕೆ ಕತ್ತರಿಸಿ ಅಂತ ಶಿಫಾರಸು ಮಾಡುತ್ತೆ. ಇದನ್ನ ಓದಿ ನಾವು ಬಹಳ ಜ್ಞಾನಿಗಳ ಥರ ಅಜ್ಜಿಗೆ ಹೇಳಿದ್ವಿ. ಅಜ್ಜಿ ಅಕ್ಕಿ ಆರಿಸ್ತಾ "ನಾವು ಪರಿಷೆ ಮುಗಿದ ಮೇಲೆ ಕತ್ತರಿಸ್ತಿದ್ವಿ, ಎಳ್ಳು-ಬೆಲ್ಲದ ಹೊತ್ತಿಗೆ ಮುಗಿಸ್ತಿದ್ವಿ" ಅಂದ್ರು. ಬಸವನಗುಡಿಯ ಕಡಲೆಕಾಯಿ ಪರಿಷೆ ಕಾರ್ತಿಕ ಮಾಸದ ಕೊನೇ ಸೋಮವಾರ, ಅಂದ್ರೆ ಹೆಚ್ಚಾಗಿ ನವೆಂಬರ್ ಮಧ್ಯದಿಂದ ಡಿಸೆಂಬರ್ ಮೊದಲ ವಾರದೊಳಗೆ. ಸಂಕ್ರಾಂತಿ ಜನವರಿ 14-15. ಎರಡೂ ಲೆಕ್ಕ ಒಂದೇ! ಒಂದು ಯೂನಿವರ್ಸಿಟಿಯಲ್ಲಿದೆ, ಇನ್ನೊಂದು ನಾವು ಎರಡು ನಿಮಿಷ ಕೂತು ಕೇಳಿದ್ದಿದ್ರೆ ಕೆಳಗಿನ ಮನೆಯಲ್ಲೇ ಸಿಗ್ತಿತ್ತು.

ಹಾಗಾದ್ರೆ ಆ ವಿಡಿಯೋದವನು ಸುಳ್ಳು ಹೇಳಿದ್ನಾ? ಇಲ್ಲ. ಅವನ ಊರಲ್ಲಿ ಫೆಬ್ರವರಿ ಅಂದ್ರೆ ಇನ್ನೂ ಚಳಿಗಾಲದ ಕೊನೆ, ಗಿಡ ಎಲೆಯಿಲ್ಲದೆ ಮಲಗಿರುತ್ತೆ. ನಮ್ಮೂರಲ್ಲಿ ಫೆಬ್ರವರಿ ಕೊನೆ ಅಂದ್ರೆ ಶಿವರಾತ್ರಿ ಹತ್ತಿರ, ಬೇಸಿಗೆ ಶುರು, ಬಳ್ಳಿ ಮೊಗ್ಗು ಕಟ್ಟಿಕೊಂಡಿರುತ್ತೆ. ಅವನು ಹೇಳಿದ್ದು "ಗಿಡ ಮಲಗಿದ್ದಾಗ ಕತ್ತರಿಸು" ಅಂತ. ನಾವು ಕೇಳಿಸಿಕೊಂಡಿದ್ದು "ಫೆಬ್ರವರಿ" ಅಂತ. ತತ್ವ ಬಿಟ್ಟು ತಾರೀಕು ಕಾಪಿ ಮಾಡಿದ್ವಿ. ಲ್ಯಾಬ್ ರೆಕಾರ್ಡ್‌ನಲ್ಲೂ ನಾವು ಮಾಡೋದು ಅದೇ, ಆ ಮಾತು ಬೇರೆ.

ಹೇಗೆ?

ಕಳೆದ ಡಿಸೆಂಬರ್‌ನಲ್ಲಿ ಅಜ್ಜಿ ಕುರ್ಚಿ ಹಾಕಿಕೊಂಡು ಕೂತು ನಮ್ಮ ಕೈಲಿ ಮಾಡಿಸಿದ ಕ್ರಮ ಇದು.

1. ಕತ್ತರಿಸೋಕೆ ಎರಡು ವಾರ ಮುಂಚೆಯಿಂದ ನೀರು ಕಡಿಮೆ ಮಾಡಿ. ಪೂರ್ತಿ ಒಣಗಿಸಬೇಡಿ. ಹೊಸ ಚಿಗುರು ನಿಲ್ಲಬೇಕು ಅಷ್ಟೇ.

2. ಸರಿಯಾದ ಉಪಕರಣ ತಗೊಳ್ಳಿ. ಗಿಡ ಕತ್ತರಿಸೋ ಸಿಕೇಟರ್ ಯಾವುದಾದ್ರೂ ನರ್ಸರಿ ಅಂಗಡಿಯಲ್ಲಿ ಸಿಗುತ್ತೆ. ಬ್ಲೇಡನ್ನ ಸ್ಪಿರಿಟ್‌ನಲ್ಲಿ ಒರೆಸಿ. ಮೊಂಡು ಕತ್ತರಿ ಕಾಂಡವನ್ನ ಕತ್ತರಿಸಲ್ಲ, ಜಜ್ಜುತ್ತೆ. ಜಜ್ಜಿದ ಜಾಗ ಕೊಳೆಯುತ್ತೆ. ಹ್ಯಾಕ್‌ಸಾ ಬೇಡವೇ ಬೇಡ, ಅದು ಕಬ್ಬಿಣಕ್ಕೆ.

3. ಮೊದಲು ಒಣಗಿದ್ದು, ರೋಗ ಬಂದದ್ದು, ಒಂದಕ್ಕೊಂದು ಉಜ್ಜುತ್ತಿರೋದು, ಕಡ್ಡಿಗಿಂತ ತೆಳ್ಳಗಿರೋದು ಇವನ್ನ ಬುಡದಿಂದ ತೆಗೀರಿ. ಇಷ್ಟಕ್ಕೇ ಬಳ್ಳಿ ಅರ್ಧ ಖಾಲಿ ಆಗುತ್ತೆ. ಗಾಳಿ, ಬೆಳಕು ಒಳಗೆ ಬರುತ್ತೆ.

4. ಉಳಿದ ಗಟ್ಟಿ ಕಾಂಡಗಳನ್ನ ಪೊದೆಯಾಗಿದ್ರೆ ನೆಲದಿಂದ ಒಂದೂವರೆ ಅಡಿಗೆ ಇಳಿಸಿ. ಗ್ರಿಲ್ ಮೇಲೆ ಬಳ್ಳಿಯಾಗಿ ಬೆಳೆಸಬೇಕಿದ್ರೆ ನಾಲ್ಕೈದು ಒಳ್ಳೇ ಕಾಂಡಗಳನ್ನ ಫ್ರೇಮ್ ಥರ ಉಳಿಸಿಕೊಂಡು, ಅವುಗಳಿಂದ ಬಂದ ಪಕ್ಕದ ಕೊಂಬೆಗಳನ್ನ ಎರಡು-ಮೂರು ಗಿಣ್ಣಿಗೆ ಮೊಟಕು ಮಾಡಿ. ನಾವು ಮಾಡಿದ್ದು ಎರಡನೆಯದು. ಬಿ.ಟಿ.ಎಂ. ಕಡೆ ಅಪಾರ್ಟ್‌ಮೆಂಟ್ ಬಾಲ್ಕನಿಯ ಕುಂಡದಲ್ಲಿದ್ರೆ ಮೂರನೇ ಒಂದು ಭಾಗ ಕತ್ತರಿಸಿದ್ರೆ ಸಾಕು, ಕುಂಡದ ಬೇರಿಗೆ ಅಷ್ಟೇ ಶಕ್ತಿ.

5. ಕಟ್ ಕೊಡೋದು ಗಿಣ್ಣಿಗಿಂತ ಅರ್ಧ ಸೆಂ.ಮೀ. ಮೇಲೆ. ತೀರಾ ಹತ್ತಿರ ಆದ್ರೆ ಮೊಳಕೆಗೆ ಪೆಟ್ಟು. ತೀರಾ ದೂರ ಆದ್ರೆ ಉಳಿದ ತುಂಡು ಒಣಗಿ ಕೆಳಗಿನವರೆಗೂ ಸಾಯುತ್ತೆ.

6. ಹೆಬ್ಬೆರಳಿನಷ್ಟು ದಪ್ಪದ ಗಾಯಕ್ಕೆ ತಾಮ್ರದ ಶಿಲೀಂಧ್ರನಾಶಕದ ಪೇಸ್ಟ್ ಹಚ್ಚಿ. ಮಲೆನಾಡಿನ ನಮ್ಮ ರೂಮ್‌ಮೇಟ್ "ಇದು ಬೋರ್ಡೋ ತಾನೇ?" ಅಂದ. ಹೌದು, ಅವರ ಅಡಿಕೆ ತೋಟಕ್ಕೆ ಮಳೆಗಾಲದಲ್ಲಿ ಹೊಡೆಯೋ ಮೈಲುತುತ್ತ-ಸುಣ್ಣದ ದ್ರಾವಣವೇ, ಇಲ್ಲಿ ಗಟ್ಟಿಯಾಗಿ. ಸಣ್ಣ ಗಾಯಗಳಿಗೆ ಏನೂ ಬೇಡ.

7. ಉಳಿದ ಹಳೇ ಎಲೆಗಳನ್ನ ಕೈಯಿಂದ ಕಿತ್ತುಬಿಡಿ. ನಮಗೆ ಇದು ಕ್ರೂರ ಅನ್ನಿಸಿತು, ಆದರೆ ಹಳೇ ಎಲೆ ಜೊತೆ ಹುಳದ ಮೊಟ್ಟೆ, ರೋಗ ಎಲ್ಲ ಹೋಗುತ್ತೆ, ಹೊಸ ಚಿಗುರು ಒಟ್ಟಿಗೆ ಬರುತ್ತೆ.

8. ಬುಡದ ಮಣ್ಣು ಸಡಿಲ ಮಾಡಿ ಗೊಬ್ಬರ ಕೊಡಿ. ತೋಟದ ಗಿಡಕ್ಕೆ ಕೊಟ್ಟಿಗೆ ಗೊಬ್ಬರ ಸುಮಾರು 10 ಕೆ.ಜಿ. ಅಂತ ಶಿಫಾರಸು ಇದೆ. ನಮ್ಮ ಎರಡಡಿ ಮಣ್ಣಿಗೆ ಎರಡು ಬಾಂಡ್ಲಿ ಸಾಕಾಯ್ತು. ಆಮೇಲೆ ಚೆನ್ನಾಗಿ ನೀರು.

ಹೂವಿನ ಮೊದಲ ಸುತ್ತು ಮುಗಿದ ಮೇಲೆ, ಹೂವು ಬಿಟ್ಟ ತುದಿಯನ್ನ ಎರಡು ಗಿಣ್ಣು ಕೆಳಗೆ ಚಿವುಟಿದ್ರೆ ಇನ್ನೊಂದು ಸುತ್ತು ಬರುತ್ತೆ. ಇದು ಸಣ್ಣ ಕೆಲಸ, ಇದಕ್ಕೆ ಡಿಸೆಂಬರ್ ಕಾಯಬೇಕಿಲ್ಲ. ದಿನಕ್ಕೆ ಐದಾರು ಗಂಟೆ ಬಿಸಿಲು ಮಾತ್ರ ಬೇಕೇ ಬೇಕು. ನೆರಳಲ್ಲಿರೋ ಮಲ್ಲಿಗೆಗೆ ಎಷ್ಟು ಕತ್ತರಿ ಹಾಕಿದ್ರೂ ಬರೀ ಎಲೆ.

ನಿಮ್ಮ ಮನೆಯಲ್ಲಿ ಬೇರೆ ಬಳ್ಳಿ ಇದ್ರೆ?

ಪ್ರಶ್ನೆ ಅದೇ, ಉತ್ತರ ಬೇರೆ. ಜಾಜಿಗೂ ಡಿಸೆಂಬರ್ ಸರಿ. ಸೂಜಿಮಲ್ಲಿಗೆ ಸ್ವಲ್ಪ ತಡ, ಅದಕ್ಕೆ ಜನವರಿ ಕೊನೇ ವಾರ. ಬೂಗನ್‌ವಿಲ್ಲಾ, ಅಂದ್ರೆ ಕಾಗದದ ಹೂವು, ಹೊಸ ಚಿಗುರಿನಲ್ಲೇ ಬಣ್ಣ ಕೊಟ್ರೂ ನಮ್ಮಲ್ಲಿ ಒಣ ತಿಂಗಳಲ್ಲಿ, ಜನವರಿಯಿಂದ ಮೇವರೆಗೆ, ಮೆರೆಯುತ್ತೆ. ಅದನ್ನ ಡಿಸೆಂಬರ್‌ನಲ್ಲಿ ಬೋಳು ಮಾಡಿದ್ರೆ ನಮ್ಮ ಥರ ಪಶ್ಚಾತ್ತಾಪ ಪಡಬೇಕು. ಬೇಸಿಗೆಯ ಹೂವು ಮುಗಿದು ಮುಂಗಾರು ಶುರುವಾಗೋ ಹೊತ್ತಿಗೆ ಕತ್ತರಿಸಿ, ಗ್ಲೌಸ್ ಹಾಕಿಕೊಂಡು. ಜನವರಿ-ಫೆಬ್ರವರಿಯಲ್ಲಿ ಕಾಂಪೌಂಡ್ ಮೇಲೆ ಕಿತ್ತಳೆ ಬಣ್ಣದ ಜಲಪಾತದಂತೆ ಸುರಿಯೋ ಪೈರೋಸ್ಟೀಜಿಯಾ ಕೂಡ ಹಾಗೇ, ಹೂವು ಮುಗಿದ ಕೂಡಲೇ. ಜಪಾನಿನ ವಿಸ್ಟೀರಿಯಾ ಇನ್ನೂ ಕಷ್ಟದ್ದು. ಅದು ಹಿಂದಿನ ಬೇಸಿಗೆಯಲ್ಲೇ ಮುಂದಿನ ವಸಂತದ ಮೊಗ್ಗು ಕಟ್ಟಿಟ್ಟುಕೊಂಡಿರುತ್ತೆ. ಚಳಿಗಾಲದಲ್ಲಿ ಹೇಗೆಂದರೆ ಹಾಗೆ ಕತ್ತರಿಸಿದ್ರೆ ಆ ವರ್ಷದ ಹೂವು ಕಸದಬುಟ್ಟಿಗೆ.

ಹೆಸರು ಗೊತ್ತಿಲ್ಲದ ಬಳ್ಳಿಯಾದ್ರೆ ಒಂದು ಸೇಫ್ ರೂಲ್: ಹೂವು ಮುಗಿದ ಮೇಲೆ ಕತ್ತರಿಸಿ, ಮೊಗ್ಗಿಗೆ ಮುಂಚೆ ಯಾವತ್ತೂ ಬೇಡ. ಅನುಮಾನ ಇದ್ರೆ ಒಂದು ವರ್ಷ ಸುಮ್ಮನೆ ನೋಡಿ, ಯಾವ ತಿಂಗಳು ಎಲ್ಲಿ ಮೊಗ್ಗು ಬಂತು ಅಂತ ಬರೆದಿಟ್ಟುಕೊಳ್ಳಿ. ಒಂದು ವರ್ಷದ ಡೇಟಾ ಇದ್ರೆ ವಿಡಿಯೋ ಬೇಡ.

ಈ ಮಾರ್ಚ್

ನಾವು ಕತ್ತರಿಸಿದ್ದು ಡಿಸೆಂಬರ್ ಎರಡನೇ ವಾರ, ಎಕ್ಸಾಮ್‌ಗೆ ಸ್ಟಡಿ ಹಾಲಿಡೇಸ್ ನಡುವೆ. ಜನವರಿ ಮಧ್ಯದಲ್ಲಿ ಗಿಣ್ಣು ಗಿಣ್ಣಿಗೂ ಜೋಡಿ ಚಿಗುರು. ಮಾರ್ಚ್ ಎರಡನೇ ವಾರ ಒಂದು ಸಂಜೆ ಕಾಲೇಜಿಂದ ಬಂದು ಗೇಟ್ ತೆಗೆದಾಗಲೇ ಗೊತ್ತಾಯ್ತು, ನೋಡೋಕೆ ಮುಂಚೆ ವಾಸನೆಯಿಂದ.

ಯುಗಾದಿ ಹಿಂದಿನ ದಿನ ಅಜ್ಜಿ ನಮಗೆ ಹೂವು ಕಟ್ಟೋದು ಹೇಳಿಕೊಟ್ಟರು. ಮೊಳ ಅನ್ನೋದು ಮೊಣಕೈಯಿಂದ ಬೆರಳ ತುದಿವರೆಗಿನ ಅಳತೆ. ಯಾರ ಕೈ ಅನ್ನೋದರ ಮೇಲೆ ಬದಲಾಗೋ ಏಕೈಕ ಯೂನಿಟ್ ಅಂತ ನಾವು ನಕ್ಕಿದ್ವಿ. ಅಜ್ಜಿ ನಮ್ಮಲ್ಲಿ ಎಲ್ಲರಿಗಿಂತ ಉದ್ದ ಇರೋವನ ಕೈ ಹಿಡಿದು ಅಳೆದು, ಒಂದು ಮೊಳ ಬಾಳೆಎಲೆಯಲ್ಲಿ ಸುತ್ತಿ "ಎದುರು ಮನೆಗೆ ನೀವೇ ಕೊಟ್ಟು ಬನ್ನಿ" ಅಂದ್ರು. ಕೊಟ್ವಿ. ಎದುರು ಮನೆ ಆಂಟಿ ಬಿಚ್ಚಿ ನೋಡಿ, "ಕಟ್ಟಿದ್ದು ನೀವಾ? ಗಂಟು ಸಡಿಲ ಇದೆ" ಅಂದು ಮುಡಿದುಕೊಂಡ್ರು.

ಸಿಕೇಟರ್ ಈಗ ಅಜ್ಜಿ ಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿದೆ. ನಮ್ಮ ನಾಲ್ಕೂ ಫೋನಿನ ಕ್ಯಾಲೆಂಡರ್‌ನಲ್ಲಿ ಒಂದು ರಿಮೈಂಡರ್ ಇದೆ: ಪರಿಷೆ ಮುಗೀತಾ? ನೀವೂ ಹಾಕಿಕೊಳ್ಳಿ. ಅದಕ್ಕಿಂತ ಮುಂಚೆ, ನಿಮ್ಮ ಮನೆಯಲ್ಲೋ ಪಿಜಿಯಲ್ಲೋ ಬಳ್ಳಿ ನೆಟ್ಟವರು ಯಾರಿದ್ದಾರೋ ಅವರ ಹತ್ರ ಹೋಗಿ "ಇದಕ್ಕೆ ಮೊಗ್ಗು ಯಾವಾಗ ಬರುತ್ತೆ?" ಅಂತ ಒಂದು ಸಲ ಕೇಳಿ. ಕತ್ತರಿ ಆಮೇಲೆ.